ಬೆಲೆ ಕೊಡದ ಬೆರಕೆ

ಆಟದಲ್ಲಿ ನ್ಯಾಯವೆಲ್ಲಿಂದ ಬಂತು ಎನ್ನುವ ಮಹನೀಯರು ಪುಟ ತಿರುವಬಹುದು. ಉಳಿದವರೊಡನೆ ನನ್ನದೊಂದು ತಕರಾರಿದೆ.

'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬುದು ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಬಾಯಿಮಾತಿನಲ್ಲೇ ಸಾಹಸ ನಡೆಸುವ ಆಟ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕನ್ನರು 1974ರಲ್ಲಿ ಅದನ್ನು ಹೊರತಂದಾಗ ಇದ್ದ ಪಾತ್ರವರ್ಗಗಳು ಮೂರೇ: ಕಾದಾಳು, ಮಾಂತ್ರಿಕ, ಪಾದ್ರಿ. ಆಮೇಲೆ ಆವೃತ್ತಿಯ ಬೆನ್ನಿಗೆ ಆವೃತ್ತಿ ಬಂತು. ವರ್ಗಗಳು ಬಸುರಿಯ ಬಯಕೆಗಳಂತೆ ಬೆಳೆದವು. ಈಗ ಕೆಲವರ ವಾದ ಹೀಗಿದೆ: "ಎಲ್ಲವೂ ಒಂದೇ ಆಟವಲ್ಲವೆ? ಹಳೆಯ ಪುಸ್ತಕದಿಂದ ಒಂದು ವರ್ಗವನ್ನು ತರುತ್ತೇನೆ, ಹೊಸದರಿಂದ ಇನ್ನೊಂದನ್ನು ಕೂಡಿಸುತ್ತೇನೆ. ನಿಮ್ಮ ಗಂಟೇನು ಹೋಯಿತು?"

ಗಂಟು ಹೋಗುವುದು ಪಕ್ಕದಲ್ಲಿ ಕುಳಿತವನದು. ಹೇಗೆಂದು ಹೇಳುತ್ತೇನೆ.

1981ರ ಸರಳ ಆವೃತ್ತಿಯಲ್ಲಿ 'ಎಲ್ಫ್' ಎಂಬುದು ಒಂದು ಕುಲ ಮಾತ್ರವಲ್ಲ, ವರ್ಗವೂ ಹೌದು. ಅವನು ಕಾದಾಳುವಿನಂತೆ ಕವಚ ತೊಟ್ಟು ಕಾದುತ್ತಾನೆ. ಮಾಂತ್ರಿಕನಂತೆ ಮಂತ್ರವನ್ನೂ ಹಾಕುತ್ತಾನೆ. ಯಾರಿಗೆ ಬೇಡ ಇಂಥ ಭಾಗ್ಯ? ಆದರೆ ಎರಡನೆಯ ಮೆಟ್ಟಿಲು ಹತ್ತಲು ಅವನಿಗೆ ಬೇಕಾದ ಅನುಭವಾಂಕ 4000. ಕಾದಾಳುವಿಗೆ 2000 ಸಾಕು, ಕಳ್ಳನಿಗೆ 1200. ಎಲ್ಫನು ಎರಡನೆಯ ಮೆಟ್ಟಿಲಲ್ಲಿ ಕಾಲಿಡುವ ಹೊತ್ತಿಗೆ ಕಳ್ಳ ಮೂರನೆಯದನ್ನು ಹತ್ತಿ ನಾಲ್ಕನೆಯದರತ್ತ ನೋಡುತ್ತಿರುತ್ತಾನೆ. ಮೇಲೆ ಹತ್ತನೆಯ ಮೆಟ್ಟಿಲಿಗೆ ಎಲ್ಫನ ಏಣಿಯೇ ಮುಗಿಯಿತು. ಇದು ಜಮೆಯೂ ಖರ್ಚೂ ಒಂದೇ ಹಾಳೆಯಲ್ಲಿರುವ ಲೆಕ್ಕ. 2014ರ ಐದನೆಯ ಆವೃತ್ತಿಯಲ್ಲಾದರೋ ಎರಡನೆಯ ಮೆಟ್ಟಿಲಿಗೆ ಎಲ್ಲ ವರ್ಗಗಳಿಗೂ 300 ಅಂಕವೇ. ಆ ಮೇಜಿಗೆ ಹಳೆಯ ಎಲ್ಫನನ್ನು ಕರೆತರುವ ಮಹಾಶಯ ಜಮೆಯ ಭಾಗವನ್ನು ಹರಿದು ತಂದು, ಖರ್ಚಿನ ಭಾಗವನ್ನು ಹಳೆಯ ಪುಸ್ತಕದಲ್ಲೇ ಬಿಟ್ಟಿರುತ್ತಾನೆ.

ತಿರುಗಿಸಿ ನೋಡಿದರೆ ಇನ್ನೂ ಕನಿಕರ. ಅದೇ 1981ರ ಕಳ್ಳನಿಗೆ ಮೊದಲ ಮೆಟ್ಟಿಲಲ್ಲಿ ನೆರಳಿನಲ್ಲಿ ಅಡಗುವ ಸಾಧ್ಯತೆ ನೂರಕ್ಕೆ ಹತ್ತು. ಅಷ್ಟೇ ಆದರೂ ಅದು ಅವನ ಕಸುಬು. ಐದನೆಯ ಆವೃತ್ತಿಯಲ್ಲಿ ಅಡಗುವ ಪ್ರಯತ್ನವನ್ನು ಯಾವ ಪಾತ್ರವಾದರೂ ಮಾಡಬಹುದು. ಅಲ್ಲಿ ಈ ಬಡ ಕಳ್ಳನಿಗೆ ಕೆಲಸವೇನು? ಆ ಪಾತ್ರ ವಹಿಸಿದ ಗೆಳೆಯ ಮೂರು ಗಂಟೆ ದಾಳ ಕೈಯಲ್ಲಿ ಹಿಡಿದು ಕೂತು ಮನೆಗೆ ಹೋಗುತ್ತಾನೆ. ಮುಂದಿನ ವಾರ ಅವನಿಗೆ ಬೇರೆ ಕೆಲಸವಿರುತ್ತದೆ.

ಕವಚದ ಅಂಕ ಹಿಂದೆ ಇಳಿದಷ್ಟೂ ಒಳ್ಳೆಯದು, 2000ದಿಂದೀಚೆಗೆ ಏರಿದಷ್ಟೂ ಒಳ್ಳೆಯದು ಎಂಬ ತೊಡಕನ್ನು ನಾನು ಎತ್ತುವುದಿಲ್ಲ. ಅದು ಕೂಡುವ ಕಳೆಯುವ ಮಾತು. ಶಾಲೆಯ ಹುಡುಗನೂ ಸರಿಪಡಿಸಿಯಾನು.

ಬೆರಕೆಯೇ ಪಾಪವೆನ್ನುವ ಮಡಿವಂತರ ಪಕ್ಷವೂ ನನ್ನದಲ್ಲ. ಕಳ್ಳನ ವರ್ಗವೇ 1975ರ 'ಗ್ರೇಹಾಕ್' ಎಂಬ ಅನುಬಂಧದಲ್ಲಿ ತಡವಾಗಿ ಬಂದು ಸೇರಿದ್ದು. 2024ರ ಪರಿಷ್ಕೃತ ಪುಸ್ತಕ ಬಂದಾಗಲೂ 2014ರ ಉಪವರ್ಗಗಳನ್ನು ಪ್ರಕಾಶಕರು ಹೊರಗಟ್ಟಲಿಲ್ಲ. ಹಿಂದೆ ಪಾದ್ರಿಗೆ ಮೊದಲ ಮೆಟ್ಟಿಲಲ್ಲೇ ದಕ್ಕುತ್ತಿದ್ದ ಉಪವರ್ಗ ಹೊಸ ಪಾದ್ರಿಗೆ ಮೂರನೆಯದರಲ್ಲಿ ದಕ್ಕಲಿ ಎಂದರು. ಅಂದರೆ, ಬಾ, ಆದರೆ ನಮ್ಮ ಮನೆಯ ಪಂಕ್ತಿಯಲ್ಲಿ ಕೂಡು ಎಂದಂತಾಯಿತು. ಇದರಲ್ಲಿ ತಪ್ಪೇನಿದೆ?

ವರ್ಗ ಕೂಡಿಸುವುದರ ವಿಷಯದಲ್ಲಿ ಹಳಬರು ಎಷ್ಟು ಬಿಗಿಯಾಗಿದ್ದರೆಂಬುದನ್ನು ನಮ್ಮ ಬೆರಕೆಪ್ರಿಯರು ಓದಿದಂತಿಲ್ಲ. 1978ರ ಆಟಗಾರರ ಕೈಪಿಡಿಯಲ್ಲಿ ಎರಡು ವರ್ಗಗಳನ್ನು ಒಟ್ಟಿಗೆ ನಡೆಸುವ ಅವಕಾಶ ಮನುಷ್ಯೇತರ ಕುಲಗಳಿಗೆ ಮಾತ್ರ. ಗಳಿಸಿದ ಅಂಕಗಳು ಎರಡಕ್ಕೂ ಹಂಚಿಹೋಗುತ್ತಿದ್ದವು. ಮನುಷ್ಯನಾದವನು ಹಳೆಯ ವರ್ಗವನ್ನು ಬಿಟ್ಟು ಹೊಸದಕ್ಕೆ ಹೋಗಬೇಕು. ಹೊಸದರಲ್ಲಿ ಹಳೆಯ ಮೆಟ್ಟಿಲನ್ನು ಮೀರುವ ಮೊದಲೇ ಹಳೆಯ ವಿದ್ಯೆ ತೋರಿಸಿದನೋ, ಆ ಸಾಹಸದ ಅನುಭವಾಂಕಕ್ಕೆ ಎಳ್ಳುನೀರು. ಕಠಿಣವಾಯಿತು, ನಿಜ. ಆದರೆ ಪಕ್ಕದವನ ತಟ್ಟೆಗೆ ಯಾರೂ ಕೈಹಾಕುತ್ತಿರಲಿಲ್ಲ.

ಆದ್ದರಿಂದ ಬೆರಕೆಪ್ರಿಯರಿಗೆ ನನ್ನದೊಂದು ಸಲಹೆ. ಎಲ್ಫನನ್ನು ಧಾರಾಳವಾಗಿ ತನ್ನಿ. ಪಕ್ಕದ ಕಾದಾಳು 300ಕ್ಕೆ ಮೇಲೇರಿದರೆ ನೀವು 600 ಆಗುವ ತನಕ ಕೆಳಗೇ ಕಾಯಿರಿ; ಹತ್ತನೆಯ ಮೆಟ್ಟಿಲಲ್ಲಿ ನಿಂತುಬಿಡಿ. ಇಷ್ಟಕ್ಕೆ ಒಪ್ಪಿ ಬರುವವರು ಎಷ್ಟು ಮಂದಿ, ನಾನೂ ನೋಡುತ್ತೇನೆ.