ವಯಸ್ಸು ಕೇಳದ ಮದ್ದು

ಶಿವಕಾಶಿಯ ಪಟಾಕಿಮದ್ದು ಯಾರ ವಯಸ್ಸನ್ನೂ ವಿಚಾರಿಸುವುದಿಲ್ಲ; ಕಾಯಿದೆ ವಿಚಾರಿಸುತ್ತದೆ. 1986ರ ಬಾಲಕಾರ್ಮಿಕ ಕಾಯಿದೆಯು 14 ತುಂಬದ ಮಕ್ಕಳನ್ನು ಬೆಂಕಿಪೆಟ್ಟಿಗೆ, ಪಟಾಕಿಗಳ ತಯಾರಿಕೆಯಿಂದ ದೂರವಿರಿಸಿತು. ಹದಿನಾಲ್ಕು ತುಂಬಿದ ಮರುದಿನ ಅದೇ ಬಾಲಕನು ಅದೇ ಮದ್ದಿನ ಮುಂದೆ ಕುಳಿತರೆ ಅದರ ಆಕ್ಷೇಪಣೆಯಿರಲಿಲ್ಲ. ಒಂದೇ ರಾತ್ರಿಯಲ್ಲಿ ಚರ್ಮ ಅಷ್ಟು ಗಟ್ಟಿಯಾಗುವುದೆಂಬ ನಂಬಿಕೆಯಿದ್ದಿತೋ ಏನೋ! 1996ರಲ್ಲಿ ಶಿವಕಾಶಿಯ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟು, ಕಾಯಿದೆ ಮೀರಿದ ಮಾಲೀಕನು ಮಗುವೊಂದಕ್ಕೆ 20,000 ರೂಪಾಯಿ ತೆರಬೇಕೆಂದು ವಿಧಿಸಿತು. ಆಗಲೂ ಗೆರೆ ಹದಿನಾಲ್ಕೇ. 18 ತುಂಬದ ಕಿಶೋರರನ್ನು ಗಣಿ, ಸ್ಫೋಟಕಗಳ ಕೆಲಸಕ್ಕೆ ನೇಮಿಸಬಾರದೆಂದು ಈ ಕಾಯಿದೆ ನುಡಿಯಲು 2016ರ ತಿದ್ದುಪಡಿಯೇ ಬರಬೇಕಾಯಿತು. ಇನ್ನು ವಾದವೆದ್ದರೆ ಹದಿನೇಳೋ ಹದಿನೆಂಟೋ ಎಂದು. ವಯಸ್ಸಿನ ಪತ್ರವಿಲ್ಲದಲ್ಲಿ ವೈದ್ಯಾಧಿಕಾರಿ ತೀರ್ಮಾನಿಸಬೇಕು. ಅಧಿಕಾರಿಯ ದೃಷ್ಟಿ ಹುಟ್ಟಿದ ತಾರೀಖಿನ ಮೇಲೆ; ಹುಡುಗನ ಬೆರಳುಗಳಲ್ಲಿ ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಪುಡಿ.