ಹಕ್ಕಿಯ ಮಿದುಳಿಗೆ ಪಾದರಸ: ನಮ್ಮ ಹಳೆಯ ಟ್ಯೂಬ್‌ಲೈಟ್‌ ಎಲ್ಲಿಗೆ ಹೋಗುತ್ತದೆ?



ಕಳೆದ ಬೇಸಿಗೆಯಲ್ಲಿ ನಾವು ಕೆಲವರು ಸೇರಿ ಬಿಡದಿಯಲ್ಲಿ ಹಕ್ಕಿಗಳಿಗೆ ನೀರಿಡುವ ಮಣ್ಣಿನ ಬಟ್ಟಲು ಹಂಚಿದೆವು. ಅದೇ ವಾರ ನನ್ನ ಅಂಗಡಿಯ ಟ್ಯೂಬ್‌ಲೈಟ್‌ಗಳನ್ನು ತೆಗೆಸಿ ಎಲ್‌ಇಡಿ ಹಾಕಿಸಿದೆ. ಹಳೆಯವನ್ನು ಒಡೆದು ಕಸದ ಗಾಡಿಗೆ ತುಂಬಿಸಿದೆ. ಒಂದೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆಂದು ತಿಳಿದದ್ದು ಆಮೇಲೆ.

ಪಾದರಸ ಒಡೆದ ಜಾಗದಲ್ಲೇ ಉಳಿಯುವುದಿಲ್ಲ. ಆವಿಯಾಗಿ ಹೋದದ್ದು ಮಳೆಯೊಂದಿಗೆ ಇಳಿದು ಕೆರೆ ಸೇರುತ್ತದೆ. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಹೋದಂತೆ ಅದರ ಪ್ರಮಾಣ ಹೆಚ್ಚುತ್ತದೆ. ರಕ್ತದಿಂದ ಮಿದುಳಿಗೂ ದಾಟುತ್ತದೆ. ನಮ್ಮ ಬೈರಮಂಗಲ ಕೆರೆಗೆ ವೃಷಭಾವತಿಯ ಮೂಲಕ ಬೆಂಗಳೂರಿನ ಚರಂಡಿ ನೀರು, ಕಾರ್ಖಾನೆ ನೀರು ದಶಕಗಳಿಂದ ಬಂದು ಬೀಳುತ್ತಿದೆ. ಪಾದರಸ ಮಾರ್ಪಡುವುದು ಇಂಥ ಕೆಸರಿನಲ್ಲೇ.

ಈ ವಿಷ ಹಕ್ಕಿಯನ್ನು ಕೂಡಲೇ ಕೊಲ್ಲದಿದ್ದರೂ ಅದರ ನಡತೆಯನ್ನು ಕೆಡಿಸುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ಐಬಿಸ್ ಎಂಬ ಬಿಳಿ ನೀರುಹಕ್ಕಿಗಳಿಗೆ ಆಹಾರದಲ್ಲಿ ಅತ್ಯಲ್ಪ ಮೀಥೈಲ್ ಪಾದರಸ ಕೊಟ್ಟು ನೋಡಿದಾಗ ಜೋಡಿ ಕೂಡುವ ಕ್ರಮವೇ ತಪ್ಪಿತು, ಮರಿಗಳು ಕಡಿಮೆಯಾದವು. ವರ್ಜೀನಿಯಾದ ಸೌತ್ ನದಿಗೆ ಕಾರ್ಖಾನೆಯೊಂದರ ಪಾದರಸ ಸೇರಿದ್ದು 1929ರಿಂದ 1950ರವರೆಗೆ. ಅರ್ಧ ಶತಮಾನ ಕಳೆದ ಮೇಲೂ ಅಲ್ಲಿನ ಹಾಡುಹಕ್ಕಿಗಳ ಹಾಡು ಬೇರೆಡೆಯವಕ್ಕಿಂತ ಸರಳವಾಗಿತ್ತು.

ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಮನುಷ್ಯರ ಕಾಯಿಲೆ ಗುರುತಿಸುವ ಮೊದಲೇ ಬೆಕ್ಕುಗಳು ಹುಚ್ಚೆದ್ದಿದ್ದವು, ಕಾಗೆಗಳು ಹಾರುತ್ತಲೇ ಬಿದ್ದಿದ್ದವು. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಅದರಂತೆ 2027ರ ಹೊತ್ತಿಗೆ ಪಾದರಸದ ಟ್ಯೂಬ್‌ಲೈಟ್‌ ತಯಾರಿಕೆಯನ್ನು ನಿಲ್ಲಿಸಬೇಕಾಗಿದೆ. ಇದು ಒಳ್ಳೆಯದೇ. ಆದರೆ ಅಂಗಡಿ, ಛತ್ರ, ಬಸದಿಗಳಲ್ಲಿ ಹಳೆಯ ಟ್ಯೂಬ್‌ಗಳು ಕೆಳಗಿಳಿಯುವ ಕಾಲವೂ ಇದೇ. ಇ-ತ್ಯಾಜ್ಯ ನಿಯಮದಲ್ಲಿ ಇವುಗಳೂ ಸೇರಿವೆ. ಸಾಮಾನ್ಯ ಕಸಕ್ಕೆ ಹಾಕುವಂತಿಲ್ಲ.

ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ತೆಗೆದ ಟ್ಯೂಬ್‌ ಒಡೆಯಬೇಡಿ. ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟು, ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಿ. ಕೈತಪ್ಪಿ ಒಡೆದರೆ ಕಿಟಕಿ ತೆರೆದು, ಮಕ್ಕಳನ್ನು ದೂರ ಕಳಿಸಿ. ಪೊರಕೆ ಹಾಕದೆ ಗಟ್ಟಿ ಕಾಗದದಿಂದ ಎತ್ತಿ.

ಬಟ್ಟಲಿನ ನೀರು ಕುಡಿದು ಹೋದ ಹಕ್ಕಿ ಮೇಯುವುದು ಕೆರೆಯಲ್ಲಿ. ನಾನು ಒಡೆಸಿದ ಟ್ಯೂಬ್‌ಗಳ ಪಾದರಸವನ್ನು ಮರಳಿ ತರಲಾರೆ. ಗೋದಾಮಿನಲ್ಲಿ ಇನ್ನೂ ಆರು ಟ್ಯೂಬ್‌ ಉಳಿದಿವೆ. ಅವು ಕಸದ ಗಾಡಿ ಹತ್ತುವುದಿಲ್ಲ.