ಅಳಿಯನೆಂದರೆ ಯಾರು? ಮೂಲವನ್ನು ಅರಸುವವರೂ ನಾವೂ

ಇತ್ತೀಚಿನ ವರ್ಷಗಳಲ್ಲಿ ನಮ್ಮ ವಿಭಾಗಕ್ಕೆ ಒಂದು ಹೊಸ ಬಗೆಯ ಕೋರಿಕೆ ಬರತೊಡಗಿದೆ. ಈ ಸೀಮೆಯ ಹಿರಿಯರೊಬ್ಬರು ಎಂದೋ ಮುಂಬಯಿಗೆ ಹೋದರು, ಅವರ ಮಕ್ಕಳು ಕೊಲ್ಲಿಗೋ ಇಂಗ್ಲೆಂಡಿಗೋ ಹೋದರು, ಮೊಮ್ಮಕ್ಕಳು ಅಮೆರಿಕದಲ್ಲೋ ಕೆನಡಾದಲ್ಲೋ ಹುಟ್ಟಿ ಬೆಳೆದರು. ಆ ಮೊಮ್ಮಕ್ಕಳಿಗೆ ಈಗ ತಮ್ಮ ಮೂಲದ ಮನೆ ಯಾವುದೆಂದು ತಿಳಿಯುವ ಹಂಬಲ. ಅವರ ಕೈಯಲ್ಲಿರುವುದು ಹಳೆಯ ದಸ್ತಾವೇಜೊಂದರ ಮಸುಕು ಚಿತ್ರ, ಅಜ್ಜಿಯ ಬಾಯಿಂದ ಕೇಳಿದ ಒಂದು ಊರಿನ ಹೆಸರು, ಅದೂ ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆದದ್ದು. ‘ಇದನ್ನು ಓದಿಕೊಡುವಿರಾ?’ ಎಂದು ಕೇಳುತ್ತಾರೆ.

ಇದು ನಮ್ಮ ಕೆಲಸವಲ್ಲವೆಂದು ಹೇಳುವವರಿದ್ದಾರೆ. ಉಳ್ಳವರ ಹವ್ಯಾಸಕ್ಕೆ ಸಾಹಿತ್ಯದ ವಿದ್ಯಾರ್ಥಿಗಳು ಏಕೆ ದುಡಿಯಬೇಕು, ವಂಶಾವಳಿಯೆಂದರೆ ಕೊನೆಗೆ ಜಾತಿಯ ಹಮ್ಮೇ ಅಲ್ಲವೆ ಎಂಬ ಅವರ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಇದು ನಮ್ಮ ಕೆಲಸವೇ ಹೌದು, ಐಚ್ಛಿಕ ಕನ್ನಡ ಓದುವ ಕಾಸರಗೋಡಿನ ವಿದ್ಯಾರ್ಥಿಗಲ್ಲದೆ ಬೇರೆ ಯಾರಿಗೂ ಸುಲಭವಾಗಿ ಒಗ್ಗದ ಕೆಲಸ, ಎಂಬುದು ನನ್ನ ನಿಲುವು.

ಒಂದು ಪದವನ್ನು ತೆಗೆದುಕೊಳ್ಳೋಣ. ಹಳೆಯ ದಸ್ತಾವೇಜುಗಳಲ್ಲಿ ‘ಇಂಥವರ ಅಳಿಯ ಇಂಥವರು’ ಎಂದು ಬರೆದಿರುತ್ತದೆ. ದೂರದೇಶದ ಮೊಮ್ಮಗಳು ಇದನ್ನು ಯಂತ್ರದ ಅನುವಾದಕ್ಕೆ ಕೊಟ್ಟರೆ ‘ಮಗಳ ಗಂಡ’ ಎಂಬ ಅರ್ಥ ಸಿಗುವುದೇ ಹೆಚ್ಚು. ಆಗ ಆಕೆ ಇಲ್ಲದ ಮಗಳೊಬ್ಬಳನ್ನು ಹುಡುಕಿಕೊಂಡು ಹೊರಡುತ್ತಾಳೆ. ಅಳಿಯಸಂತಾನದ ಕುಟುಂಬದಲ್ಲಿ ಅಳಿಯನೆಂದರೆ ಸೋದರಿಯ ಮಗ. ಆಸ್ತಿಯ ಆಡಳಿತವೂ ಯಜಮಾನಿಕೆಯೂ ಬರುವುದು ಅವನಿಗೆ. ಬಳಿ ತಾಯಿಯಿಂದ ಬರುತ್ತದೆ, ತಂದೆಯಿಂದಲ್ಲ. ಪಾಶ್ಚಾತ್ಯರ ವಂಶವೃಕ್ಷದ ನಮೂನೆ ತಂದೆಯ ಉಪನಾಮವನ್ನು ಹಿಡಿದು ಮೇಲಕ್ಕೆ ಏರುವಂಥದು; ನಮ್ಮ ಅನೇಕ ಮನೆತನಗಳು ಆ ಏಣಿಯ ಮೇಲೆ ನಿಲ್ಲುವುದೇ ಇಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ತೆರೆದ ಮೇಲೆ ಬರೆಸಿದ ವಿಭಾಗಪತ್ರಗಳನ್ನು ಓದಿದರೆ ಒಂದೊಂದು ಕವರಿನ ಹೆಂಗಸರು, ಅವರ ಮಕ್ಕಳು, ಹಸುಗೂಸುಗಳು ಕೂಡ ಸಾಲಾಗಿ ಕಾಣಿಸಿಕೊಳ್ಳುತ್ತಾರೆ. (ಕವರೆಂದರೆ ಲಕೋಟೆಯಲ್ಲ, ಒಬ್ಬ ಹೆಣ್ಣಿನಿಂದ ಇಳಿದ ಕುಟುಂಬದ ಶಾಖೆ.) ವಂಶ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಕಾಗದ ಬೇರೊಂದಿಲ್ಲ. ಆದರೆ ಅದನ್ನು ಓದಲು ಮೋಡಿಯಾಗಿ ಬರೆದ ಕನ್ನಡದ ಪರಿಚಯ ಬೇಕು, ಮೂಲಗೇಣಿ, ಚಾಲಗೇಣಿ, ವರ್ಗ, ಕುಮ್ಕಿ, ಚಕ್ಕುಬಂದಿ ಎಂಬ ಮಾತುಗಳ ಪರಿಚಯ ಬೇಕು. ಪಂಪನನ್ನು ಓದಿಸುವಾಗ ನಾವು ಪದದ ಹಿಂದಿನ ಲೋಕವನ್ನು ತಿಳಿಯಬೇಕೆನ್ನುತ್ತೇವಲ್ಲ, ಅದೇ ಶಿಸ್ತು ಇಲ್ಲಿಯೂ.

ಹೆಸರುಗಳ ತೊಡಕು ಮತ್ತೊಂದು. ನಮ್ಮ ಕಡೆ ಹೆಸರಿನ ಹಿಂದಿರುವುದು ಬಹುಮಟ್ಟಿಗೆ ಊರು ಅಥವಾ ಮನೆ. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷದ ಬಾಳಿನ (1915–2015) ಬಹುಭಾಗವನ್ನು ಇಲ್ಲಿಯೇ ಬದಿಯಡ್ಕದ ಪೆರಡಾಲದಲ್ಲಿ ಕಳೆದರು. ಹೆಸರು ಮಾತ್ರ ಕಯ್ಯಾರದ್ದೇ ಉಳಿಯಿತು. ಇನ್ನೊಂದು ಮನೆತನ ನೆಲೆ ಬದಲಿಸಿದಾಗ ಹೆಸರನ್ನೂ ಬದಲಿಸಿರಬಹುದು. ಊರಿನ ಹೆಸರೇ ಒಂದೇ ಸಮನಿಲ್ಲ: ನಮ್ಮ ಬದಿಯಡ್ಕ ಮಲಯಾಳದಲ್ಲಿ ಬದಿಯಡುಕ್ಕ, ಮಂಜೇಶ್ವರ ಮಂಜೇಶ್ವರಂ. 2021ರಲ್ಲಿ ಗಡಿನಾಡಿನ ಊರುಗಳ ಕನ್ನಡ ಹೆಸರುಗಳು ಮರೆಯಾಗುತ್ತಿವೆಯೆಂದು ಕೂಗೆದ್ದಾಗ ಅದನ್ನು ಭಾಷಾಭಿಮಾನದ ಗಲಾಟೆಯೆಂದು ಬದಿಗೆ ಸರಿಸಿದವರಿದ್ದರು. ದಸ್ತಾವೇಜನ್ನು ಹಿಡಿದು ಊರು ಹುಡುಕುವವನಿಗೆ ಅದು ಅಭಿಮಾನದ ಪ್ರಶ್ನೆಯಲ್ಲ, ದಾರಿಯ ಪ್ರಶ್ನೆ. ಹೆಸರು ಹೋದರೆ ಕಾಗದಕ್ಕೂ ನೆಲಕ್ಕೂ ಇದ್ದ ಕೊಂಡಿ ಕಳಚಿತು.

ಐರ್ಲೆಂಡಿನವರ ಕಥೆ ಇಲ್ಲಿ ನೆನಪಾಗುತ್ತದೆ. 1845ರಿಂದ ಬಂದ ಮಹಾಕ್ಷಾಮದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಜನ ಆ ನಾಡನ್ನು ಬಿಟ್ಟು ಹೋದರು. ಅವರ ಸಂತತಿ ಇಂದು ಅಮೆರಿಕ, ಆಸ್ಟ್ರೇಲಿಯಗಳಿಂದ ಮೂಲವನ್ನು ಅರಸುತ್ತ ಬರುತ್ತದೆ. ಆದರೆ 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ದಾಖಲೆಗಳ ಭಂಡಾರ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಮನೆಪಟ್ಟಿಗಳು ಬಹುತೇಕ ಬೂದಿಯಾದವು. ಆಗ ಅವರಿಗೆ ಆಸರೆಯಾದದ್ದು ಭೂಮಿಯ ಲೆಕ್ಕ. 1847ರಿಂದ 1864ರವರೆಗೆ ಗ್ರಿಫಿತ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ನಡೆದ ಮೌಲ್ಯಮಾಪನದಲ್ಲಿ ಭೂಮಿಯನ್ನು ಗೇಣಿಗೆ ಕೊಟ್ಟವನ ಹೆಸರಿನ ಜೊತೆಗೆ ಅದರಲ್ಲಿ ವಾಸವಿದ್ದ ಒಕ್ಕಲಿನ ಹೆಸರೂ ಇದೆ. ಕಾಗದದಿಂದ ಬೈಲಿಗೆ ದಾರಿ ತೋರಿಸುವವರು ಮಾತ್ರ ಊರಿನವರೇ: ನಿವೃತ್ತ ಉಪಾಧ್ಯಾಯರು, ಗ್ರಂಥಪಾಲಕರು, ತಮ್ಮ ಊರಿನ ಪ್ರತಿ ಕಲ್ಲನ್ನೂ ಬಲ್ಲ ಹವ್ಯಾಸಿಗಳು. ಹಣ ಪಡೆಯದೆ, ಮುಖ ಕಾಣದವರಿಗೆ ನೆರವಾಗುವ ಇಂಥ ಸಹಶೋಧಕರು ಅಲ್ಲಿ ಬಹಳ.

ನಮ್ಮಲ್ಲಿ ಬೆಂಕಿ ಬೀಳಲಿಲ್ಲ, ಗಡಿ ಬಿತ್ತು. 1956ರ ಅಕ್ಟೋಬರ್ 31ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮರುದಿನ ಅದು ಕೇರಳದ್ದು. ಮುಂದೆ ಕಣ್ಣೂರು ಜಿಲ್ಲೆಯೊಳಗೆ ಸೇರಿ, 1984ರಲ್ಲಿ ತಾನೇ ಜಿಲ್ಲೆಯಾಯಿತು. ಒಂದೇ ಕುಟುಂಬದ ಅಜ್ಜನ ಕಾಗದ ಕನ್ನಡದಲ್ಲಿ, ಮೊಮ್ಮಗನದು ಮಲಯಾಳದಲ್ಲಿ. ಮಂಗಳೂರಿನಲ್ಲಿ ಹುಡುಕುವವನಿಗೆ ಎರಡನೆಯದು ತಿಳಿಯದು, ಕಣ್ಣೂರಿನಲ್ಲಿ ಹುಡುಕುವವನಿಗೆ ಮೊದಲನೆಯದು. ಎರಡನ್ನೂ ಓದಬಲ್ಲವರು ನೀವು. ಗಡಿನಾಡಿನವರಾಗಿ ಹುಟ್ಟಿದ್ದಕ್ಕೆ ನಾವು ಅನುಭವಿಸಿದ ಕಷ್ಟಗಳ ಪಟ್ಟಿ ಉದ್ದವಿದೆ. ಅದರಿಂದ ಒದಗಿದ ಈ ಒಂದು ಅನುಕೂಲವನ್ನು ಬಿಡಬಾರದು. ನಾನು ಕನ್ನಡ, ಮರಾಠಿ ಎರಡೂ ನಡೆಯುತ್ತಿದ್ದ ಶಾಲೆಗಳಲ್ಲಿ ಕಲಿತವನು. ಹಾಗಾಗಿ ಇಲ್ಲಿನ ಕರಾಡರ ಮನೆಗಳಲ್ಲಿ, ಮರಾಟಿ ನಾಯ್ಕರ ಮನೆಗಳಲ್ಲಿ ಕೇಳುವ ಮಾತಿನೊಳಗೆ ಘಟ್ಟದಾಚೆಯ ಎಷ್ಟು ಉಳಿದಿದೆ, ಕನ್ನಡ ತುಳು ಎಷ್ಟು ಬೆರೆತಿದೆ ಎಂದು ಕಿವಿಗೊಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಮರಾಠಿಯಲ್ಲಿ ‘ಕುಲವೃತ್ತಾಂತ’ವೆಂಬ ಒಂದು ಪ್ರಕಾರವೇ ಇದೆ: ಒಂದು ಮನೆತನದವರು ಸೇರಿ ತಮ್ಮ ತಲೆಮಾರುಗಳ ವಿವರವನ್ನು ಕಲೆಹಾಕಿ ಅಚ್ಚು ಹಾಕಿಸುತ್ತಾರೆ. ಮಾರಿಶಸ್ಸಿಗೆ ಕರಾರಿನ ಕೂಲಿಗಳಾಗಿ ಹೋದವರಲ್ಲಿ ಮರಾಠಿ ಮಾತಿನವರೂ ಇದ್ದರು; ಅಲ್ಲಿನ ಮೋಕಾದ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿರುವ ವಲಸೆಯ ಕಡತಗಳಲ್ಲಿ ಹಡಗು, ಊರು, ಕೆಲವೊಮ್ಮೆ ಮುಖಚಿತ್ರವೂ ಸಿಗುತ್ತದೆ. ಗುಮಾಸ್ತನ ಕಿವಿಗೆ ಬಿದ್ದಂತೆ ಬರೆದ ಹಳ್ಳಿಯ ಹೆಸರನ್ನು ಗುರುತಿಸಲು ಅವರಿಗೂ ಬೇಕಾಗುವುದು ಊರಿನವನೊಬ್ಬನ ಕಿವಿಯೇ.

ಇನ್ನು ಆ ಜಾತಿಯ ಹಮ್ಮಿನ ಮಾತು. ನಮ್ಮಲ್ಲಿ ಪ್ರತಿ ಕುಲಕ್ಕೂ ಒಂದು ಸಿದ್ಧ ಕಥೆಯಿದೆ: ಮಯೂರವರ್ಮ ಕರೆತಂದ, ಅಹಿಚ್ಛತ್ರದಿಂದ ಬಂದೆವು, ಗೋವೆಯಿಂದ ಓಡಿಬಂದೆವು. ಕೆಲವಕ್ಕೆ ಆಧಾರವಿದೆ, ಕೆಲವಕ್ಕೆ ಇಲ್ಲ. ಶ್ರಾದ್ಧದಲ್ಲಿ ಹೇಳುವುದು ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ಹೆಸರುಗಳನ್ನು. ಅದರಾಚೆ ನೇರವಾಗಿ ಮಯೂರವರ್ಮನಿಗೇ ನೆಗೆದರೆ ನಡುವಿನ ನೂರಾರು ವರ್ಷಗಳು ಎಲ್ಲಿ ಹೋದವು? ಪತ್ರ ಬರೆದವರಿಗೆ ಹಿರಿಮೆಯ ಕಥೆಯನ್ನು ಕಾಣಿಕೆಯಾಗಿ ಕೊಡುವ ಕೆಲಸ ನಮ್ಮದಲ್ಲ. ಕಾಗದ ನಿಂತಲ್ಲಿ ನಾವೂ ನಿಲ್ಲಬೇಕು.

ಆದರೆ ಕಾಗದವೇ ಇಲ್ಲದವರ ಗತಿ? ನನ್ನನ್ನು ಹೆಚ್ಚು ಕಾಡುವುದು ಇದು. ಐರ್ಲೆಂಡಿನ ಲೆಕ್ಕದಲ್ಲಿ ಒಕ್ಕಲಿನ ಹೆಸರಿತ್ತು. ನಮ್ಮ ತೀರ್ವೆಯ ಲೆಕ್ಕ ಕೇಳಿದ್ದು ತೀರ್ವೆ ಕಟ್ಟುವ ವರ್ಗದಾರನ ಹೆಸರನ್ನು ಮಾತ್ರ. ಚಾಲಗೇಣಿಯ ಒಕ್ಕಲು ಅಲ್ಲಿಲ್ಲ. ಭೂಮಿಯೊಡನೆಯೇ ಕೈಬದಲಾಗುತ್ತಿದ್ದ ಮೂಲದಾಳುಗಳು ಹೆಸರಿನಿಂದಲ್ಲ, ಸೊತ್ತಾಗಿ ಲೆಕ್ಕಕ್ಕೆ ಬಂದವರು. ಅವರ ಮೊಮ್ಮಕ್ಕಳೂ ಈಗ ಓದಿದ್ದಾರೆ, ಸಮುದ್ರ ದಾಟಿದ್ದಾರೆ, ಅವರೂ ಕೇಳುತ್ತಾರೆ. ಅವರಿಗಾಗಿ ಬೇರೆ ಕಡೆ ಹುಡುಕಬೇಕು: ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ, 1970ರ ಜನವರಿ 1ರಿಂದ ಗೇಣಿ ಕೊನೆಗೊಂಡಾಗ ಭೂ ನ್ಯಾಯಮಂಡಳಿಗೆ ಸಲ್ಲಿಸಿದ ಅರ್ಜಿಗಳಲ್ಲಿ (ಎಷ್ಟೋ ಮನೆತನಗಳ ಹೆಸರು ಸರಕಾರಿ ಕಾಗದವನ್ನು ಮೊದಲು ಸೇರಿದ್ದು ಅಲ್ಲಿ), ಪಾಡ್ದನ ಹೇಳುವ ಅಜ್ಜಿಯರ ನೆನಪಿನಲ್ಲಿ. ಮರಾಟಿ ಸಮುದಾಯದವರು ಪರಿಶಿಷ್ಟ ಪಂಗಡದ ಪಟ್ಟಿಯಿಂದ ಹೊರಬಿದ್ದು 2013ರಲ್ಲಿ ಮರಳಿ ಸೇರುವವರೆಗಿನ ವರ್ಷಗಳನ್ನು ಬಲ್ಲವರಿಗೆ, ಹಿರಿಯರ ಗುರುತು ಬರಿಯ ಹವ್ಯಾಸವಲ್ಲವೆಂದು ನಾನು ವಿವರಿಸಬೇಕಿಲ್ಲ.

ಕುಟುಂಬಗಳು ಮೂಲವನ್ನು ಅರಸಿ ಬರುವುದು ನಮಗೆ ಹೊಸದೂ ಅಲ್ಲ. ಮನೆಯಲ್ಲಿ ತೊಂದರೆಯಾಗಿ ಪ್ರಶ್ನೆಯಿಡಿಸಿ, ‘ಮೂಲದ ನಾಗನನ್ನು ಮರೆತಿದ್ದೀರಿ’ ಎಂಬ ಮಾತು ಕೇಳಿ, ಮುಂಬಯಿಯಿಂದ ನಾಗಬನ ಹುಡುಕುತ್ತ ಬಂದವರನ್ನು ನೀವೆಲ್ಲ ಕಂಡಿದ್ದೀರಿ. ಭಯ ಅವರನ್ನು ಕರೆತಂದಿರಬಹುದು. ಆದರೆ ಬನದ ಮುಂದೆ ಸೇರಿದ ನಾಲ್ಕು ಕವರಿನವರು ಪರಸ್ಪರ ಕೇಳಿ ತಿಳಿದುಕೊಳ್ಳುವ ಸಂಬಂಧಗಳನ್ನು ಯಾರೂ ಬರೆದಿಡುವುದಿಲ್ಲ. ಅಲ್ಲಿ ಒಬ್ಬ ವಿದ್ಯಾರ್ಥಿ ಪುಸ್ತಕ ಹಿಡಿದು ಕುಳಿತರೆ ಸಾಕು.

ವಿಭಾಗದಲ್ಲಿ ಈ ಕೆಲಸ ಆರಂಭಿಸುವುದಾದರೆ ನನ್ನ ಷರತ್ತುಗಳು ಕೆಲವಿವೆ. ಯಾರಿಂದಲೂ ಹಣ ಪಡೆಯಬಾರದು. ದಸ್ತಾವೇಜನ್ನು ಮೊದಲು ಇದ್ದಂತೆ ಅಕ್ಷರಕ್ಕೆ ಅಕ್ಷರ ನಕಲು ಮಾಡಬೇಕು, ಅರ್ಥ ಬರೆಯುವುದು ಆಮೇಲೆ. ತಿಳಿಯದ ಅಕ್ಷರವನ್ನು ಊಹೆಯಿಂದ ತುಂಬದೆ ಖಾಲಿ ಬಿಡಬೇಕು. ಈಗ ಬದುಕಿರುವವರ ವಿಳಾಸವನ್ನೂ ಆಸ್ತಿಯ ವಿವರವನ್ನೂ ಅವರ ಒಪ್ಪಿಗೆಯಿಲ್ಲದೆ ಕಡಲಾಚೆಗೆ ಕಳಿಸಕೂಡದು. ನೆಂಟಸ್ತಿಕೆ ಹುಡುಕುವವರ ನಡುವೆ ಪಾಲು ಹುಡುಕುವವರೂ ಇರುತ್ತಾರೆ. ಮಲಯಾಳ ವಿಭಾಗದ ಗೆಳೆಯರನ್ನು ಆರಂಭದಿಂದಲೇ ಜೊತೆಗೆ ಸೇರಿಸಿಕೊಳ್ಳಬೇಕು.

ನಿಮ್ಮ ಮನೆಗಳ ಪೆಟ್ಟಿಗೆಗಳಲ್ಲಿಯೂ ಇಂಥ ಕಾಗದಗಳು, ಅಪರೂಪಕ್ಕೆ ಓಲೆಗರಿಗಳು ಇರಬಹುದು. ರಜೆಯಲ್ಲಿ ಹಿರಿಯರ ಅಪ್ಪಣೆ ಪಡೆದು ನೋಡಿ. ಹರಿದದ್ದಕ್ಕೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಖಂಡಿತ ಮಾಡಿಸಬೇಡಿ. ಮಡಿಕೆ ಬಿಡಿಸದೆ, ಇದ್ದ ಹಾಗೆಯೇ, ಬಟ್ಟೆಯಲ್ಲಿ ಸುತ್ತಿ ತನ್ನಿ.